ಕಾರ್ಬನ್ ದೋಟಿ: ಅಡಿ, ಕಿಲೋ ಹೇಳಿದರೆ ಸಾಲದು

ಮಾನ್ಯ ಸಂಪಾದಕರೇ,

ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗಾರರು ಸಿಗದ ಕಾರಣಕ್ಕೆ ತೀರ್ಥಹಳ್ಳಿ, ಹೊಸನಗರ, ಸಾಗರದ ಅಡಿಕೆ ತೋಟಗಳಿಗೆ ಕಾರ್ಬನ್ ಫೈಬರ್ ದೋಟಿ, ಅಂದರೆ ನೆಲದಲ್ಲಿ ನಿಂತೇ ಕೊನೆ ಕೊಯ್ಯುವ, ಔಷಧಿ ಹೊಡೆಯುವ ಉದ್ದನೆಯ ಕೋಲು ಬಂದಿದೆ. ಮರದಿಂದ ಬೀಳುವ ಭಯ ತಪ್ಪಿಸಿದ ಒಳ್ಳೆಯ ಸಾಧನ ಅದು. ಆದರೆ ಕೊಳ್ಳುವವರು ಕೇಳುವುದು ಎಷ್ಟು ಅಡಿ, ಎಷ್ಟು ಕಿಲೋ ಎಂದಷ್ಟೇ. ಮಾರುವವರು ಹೇಳುವುದೂ ಅಷ್ಟೇ. ಕಾಂಪೊಸಿಟ್ (ಎಳೆ, ಅಂಟು ಸೇರಿಸಿ ಮಾಡಿದ ವಸ್ತು) ಭಾಗಗಳ ವಿನ್ಯಾಸವೇ ಕಸುಬಾಗಿರುವ ನಮಗೆ ಇದು ಆತಂಕದ ವಿಷಯ.

ಎಲ್ಲಕ್ಕಿಂತ ಮೊದಲು ಕರೆಂಟು. ‘ಫೈಬರ್ ತಾನೇ, ಶಾಕ್ ಹೊಡೆಯುವುದಿಲ್ಲ’ ಎಂಬ ನಂಬಿಕೆ ಗ್ಲಾಸ್ ಫೈಬರಿಗೆ ಸಲ್ಲುತ್ತದೆ, ಕಾರ್ಬನ್ನಿಗೆ ಸಲ್ಲದು. ಕಾರ್ಬನ್ ಎಳೆ ವಿದ್ಯುತ್ ಹರಿಸುತ್ತದೆ. ರಸ್ತೆಯಿಂದಾಚೆ 11 ಕೆ.ವಿ.ವರೆಗಿನ ಬರಿ ತಂತಿ ನೆಲದಿಂದ 4.6 ಮೀಟರ್ ಎತ್ತರದಲ್ಲಿದ್ದರೂ ನಿಯಮ ಒಪ್ಪುತ್ತದೆ. 60 ಅಡಿಯ ದೋಟಿ 18 ಮೀಟರ್ ದಾಟುತ್ತದೆ. ಕೆಲವು ದೋಟಿಗಳ ಬುಡಕ್ಕೆ ಗ್ಲಾಸ್ ಫೈಬರ್ ಹಿಡಿಕೆ ಇರುತ್ತದೆ. ಒಣಗಿ ಶುಚಿಯಾಗಿದ್ದಾಗ ಅದು ತಡೆಯುತ್ತದೆ, ನಿಜ. ಆದರೆ ಔಷಧಿ ಹೊಡೆಯುವಾಗ ಮೈಲುತುತ್ತ, ಸುಣ್ಣದ ನೀರು ಹಿಡಿಕೆಯ ಮೇಲೆಲ್ಲ ಇಳಿದಿರುತ್ತದೆ. ಅದಕ್ಕಿಂತ ಹೆಚ್ಚಾಗಿ, ದೋಟಿಗೆ ಕಟ್ಟಿದ ಪೈಪಿನೊಳಗೆ ತುದಿಯಿಂದ ಬುಡದವರೆಗೆ ತುಂಬಿರುವ ಬೋರ್ಡೋ ದ್ರಾವಣವೇ (ಮೈಲುತುತ್ತ, ಸುಣ್ಣ ಬೆರೆಸಿದ ಆ ಔಷಧಿ) ವಿದ್ಯುತ್ ಹರಿಸಬಲ್ಲದು, ಆ ಕರೆಂಟು ಹಿಡಿಕೆಯನ್ನು ತಪ್ಪಿಸಿಕೊಂಡು ಕೈಗೆ ಬರಬಲ್ಲದು. ಹಾಗಾಗಿ ಹಿಡಿಕೆಯನ್ನು ನಂಬಬೇಡಿ. ದೋಟಿ ಯಾವ ಕಡೆ ಬಿದ್ದರೂ ತಂತಿಗೆ ತಾಗದಷ್ಟು ದೂರ ನಿಲ್ಲಿ. ಅದು ಆಗದ ಸಾಲುಗಳಿಗೆ ಲೈನ್ ಆಫ್ ಮಾಡಿಸಿಯೇ ಕೈ ಹಾಕಿ.

ಎರಡನೆಯದು ಎಳೆಯ ದಿಕ್ಕು. ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟಿನಲ್ಲಿ ಕೂರಿಸಿದ ಕಾರ್ಬನ್ನಿನ ಬಿಗಿತನ ಎಳೆಯ ಉದ್ದಕ್ಕೆ ಸುಮಾರು 135 ಗಿಗಾಪಾಸ್ಕಲ್ (ಬಿಗಿತನದ ಅಳತೆ). ಅಡ್ಡಕ್ಕೆ 10 ಕೂಡ ಇಲ್ಲ. ಕೊಳವೆ ಮಾಡಲು ಎಳೆಯ ಪದರ ಸುತ್ತುವಾಗ 10 ಡಿಗ್ರಿ ವಾರೆಯಾದರೆ ಆ ಪದರದ ಬಿಗಿತನ ಶೇ 40ರಷ್ಟು ಇಳಿಯುತ್ತದೆ. ಹಾಗೆಂದು ಎಲ್ಲ ಎಳೆಗಳನ್ನೂ ಉದ್ದಕ್ಕೇ ಹಾಕಿದರೆ ಕೊಳವೆ ಬಿದಿರಿನಂತೆ ಸೀಳುತ್ತದೆ. ಕೊಳವೆಗಳನ್ನು ಒಂದಕ್ಕೊಂದು ಹಿಡಿದಿಡುವ ಲಾಕ್ ಬಿಗಿದ ಜಾಗದಲ್ಲೇ ಮೊದಲ ಸೀಳು ಕಾಣುವುದು. ಒಳಗೂ ಹೊರಗೂ ಉದ್ದಕ್ಕೆ ಅಡ್ಡವಾಗಿ 90 ಡಿಗ್ರಿಯ ಸುತ್ತು ಬೇಕೇ ಬೇಕು. ತೂಕ ಇಳಿಸಲು ಕೆಲವರು ಮೊದಲು ಬಿಡುವುದು ಇದೇ ಪದರವನ್ನು. ಗೋಡೆಯ ದಪ್ಪ ಅಷ್ಟೇ ಇಟ್ಟು ಕೊಳವೆಯ ವ್ಯಾಸವನ್ನು 40 ಮಿ.ಮೀ.ನಿಂದ 50ಕ್ಕೆ ಏರಿಸಿದರೆ ತೂಕ ಕಾಲು ಭಾಗ ಹೆಚ್ಚುತ್ತದೆ, ಬಿಗಿತನ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತೀರಾ ಹಗುರ ಎಂಬುದೊಂದನ್ನೇ ನೋಡಿ ಕೊಳ್ಳಬಾರದು ಎನ್ನುವುದು ಇದಕ್ಕೇ.

ನಮ್ಮ ಮಳೆಗಾಲದಲ್ಲಿ ಕಾಣುವ ಇನ್ನೊಂದು ತೊಂದರೆ ಅಲ್ಯೂಮಿನಿಯಂ ಲಾಕಿನದು. ಒದ್ದೆಯಲ್ಲಿ ಕಾರ್ಬನ್ನಿಗೆ ತಾಗಿಕೊಂಡಿರುವ ಅಲ್ಯೂಮಿನಿಯಂ ಸವೆಯುತ್ತದೆ. ಮೈಲುತುತ್ತದ ತಾಮ್ರ ಸೇರಿದರೆ ಇನ್ನೂ ಬೇಗ. ಲಾಕಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಸುಣ್ಣವೇ ಎಂದು ಒರೆಸಿ ಸುಮ್ಮನಾಗಬೇಡಿ, ಕಳಚಿ ನೋಡಿ. ತಯಾರಕರು ನಡುವೆ ಒಂದು ಪದರ ಗ್ಲಾಸ್ ಫೈಬರ್ ಕೊಟ್ಟರೆ ಈ ಕಾಟ ಬಹಳ ಕಡಿಮೆ. ಬಳಸುವವರು ಔಷಧಿ ಹೊಡೆದ ದಿನವೇ ಲಾಕ್ ಬಿಚ್ಚಿ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಕಪ್ಪು ಕೊಳವೆ ಬಿಸಿಲಲ್ಲಿ 60 ಡಿಗ್ರಿ ದಾಟೀತು. ತಯಾರಿಸುವಾಗ ಸರಿಯಾಗಿ ಕಾಯಿಸಿ ಗಟ್ಟಿ ಮಾಡದ ಎಪಾಕ್ಸಿ ಆ ಬಿಸಿಗೆ ಮೆತ್ತಗಾಗುತ್ತದೆ. ಪೈಪ್ ಕಟ್ಟಲೆಂದು ತೂತು ಕೊರೆಯಲೇಬೇಡಿ, ಎಳೆಗಳು ತುಂಡಾಗಿ ಪದರ ಬಿಡುತ್ತದೆ.

ಕಲ್ಲಿಗೆ ಬಡಿದ ದೋಟಿ ಹೊರಗೆ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಪದರ ಬಿಟ್ಟಿರಬಹುದು. ಒಂದು ನಾಣ್ಯದಿಂದ ಎರಡೆರಡು ಸೆಂ.ಮೀ.ಗೆ ತಟ್ಟುತ್ತಾ ಹೋಗಿ. ಟಣ್ ಎನ್ನುತ್ತಿದ್ದದ್ದು ಒಂದು ಕಡೆ ಡಬ್ ಎಂದರೆ ಆ ಭಾಗವನ್ನು ಬದಲಿಸಿ.

ಪ್ರತಿ ದೋಟಿಯ ಬುಡದಲ್ಲಿ ಕನ್ನಡದಲ್ಲಿ, ಅಳಿಸಿಹೋಗದಂತೆ ಇಷ್ಟು ಬರೆದಿರಬೇಕು: ವಿದ್ಯುತ್ ಹರಿಯುತ್ತದೆ ಎಂಬ ಎಚ್ಚರಿಕೆ, ಕೊಳವೆಯ ದಪ್ಪ, ಪದರಗಳ ಕೋನ, ತುದಿಯಲ್ಲಿ ಎಷ್ಟು ಕಿಲೋ ತೂಗಿಸಬಹುದು. ಖರೀದಿಗೆ ಸಹಾಯಧನ ಕೊಡುವ ಕಡೆ ತೋಟಗಾರಿಕೆ ಇಲಾಖೆ ಇದನ್ನೇ ಷರತ್ತು ಮಾಡಲಿ. ಮುಂದಿನ ಔಷಧಿ ಹೊಡೆಯುವ ಕಾಲಕ್ಕೆ ಮುಂಚೆಯೇ ಆಗಲಿ.

– ಕಾಂಪೊಸಿಟ್ ವಿನ್ಯಾಸ ಎಂಜಿನಿಯರುಗಳು, ಶಿವಮೊಗ್ಗ