ಕುಮಾರಪರ್ವತ: ನೀರಿನ ಲೆಕ್ಕ ತಪ್ಪದಿರಲಿ

ಮಾನ್ಯರೇ,

1,712 ಮೀಟರ್ ಎತ್ತರದ ಕುಮಾರಪರ್ವತದಲ್ಲಿ ಚಾರಣಿಗರು ಸುಸ್ತಾಗಿ ಬೀಳುವುದಕ್ಕೆ ಮುಖ್ಯ ಕಾರಣ ಕಡಿದಾದ ದಾರಿಯಲ್ಲ, ನೀರಿನ ಕೊರತೆ. ಕುಕ್ಕೆ ಕಡೆಯಿಂದ ಹತ್ತಿದರೆ ಏರಬೇಕಾದದ್ದು ಸುಮಾರು 1,600 ಮೀಟರ್. ದಾರಿಯ ನಡುವೆ ಸಿಗುವ ಗಿರಿಗದ್ದೆ ಎಂಬ ತಾಣದವರೆಗೆ ಕಾಡಿನ ನೆರಳಿದೆ. ಅಲ್ಲಿಂದ ಮುಂದೆ ಬೋಳು ಹುಲ್ಲುಗಾವಲು. ಹತ್ತು ಗಂಟೆಯ ಬಿಸಿಲಿಗೇ ಬಾಯಿ ಒಣಗುತ್ತದೆ. ಅದೇ ದಾರಿಯಲ್ಲಿ ಮೇಲೆ ಸಿಗುವ ಕಲ್ಲುಮಂಟಪದ ಬಳಿಯ ಒರತೆಯನ್ನು ನಂಬಿ ಖಾಲಿ ಬಾಟಲಿ ಹಿಡಿದು ಹೊರಡುವವರೇ ಹೆಚ್ಚು. ಆದರೆ ಮಳೆ ನಿಂತು ತಿಂಗಳುಗಳು ಕಳೆದಂತೆ ಅದು ಬತ್ತುತ್ತದೆ. ಗಿರಿಗದ್ದೆ ಬಿಡುವಾಗ ತಲಾ ಮೂರು ಲೀಟರ್ ನೀರು ಇರಲೇಬೇಕು.

ಇಳಿಯುವಾಗಲೇ ಅಪಾಯ ಜಾಸ್ತಿ. ಒಣಹುಲ್ಲಿನಡಿಯ ಸಣ್ಣ ಜಲ್ಲಿ ಗೋಲಿಯಂತೆ ಉರುಳುತ್ತದೆ. ಸವೆದ ಅಟ್ಟೆಯ ಶೂ ನಿಲ್ಲುವುದಿಲ್ಲ. ಇನ್ನೊಂದು ದಾರಿಯಾದ ಸೋಮವಾರಪೇಟೆ ಕಡೆಯ ಬಂಡೆ ಒದ್ದೆಯಾಗಿದ್ದರೆ ಪಾಚಿಯ ಮೇಲೆ ಕಾಲಿಡದೆ ಬದಿಯ ಗಿಡಗಳನ್ನು ಹಿಡಿದೇ ಇಳಿಯಬೇಕು. ಜಿಗಣೆಗೆ ಸುಣ್ಣ, ಹೊಗೆಸೊಪ್ಪು ಸಾಕು. ಬೇಸಿಗೆಯಲ್ಲಿ ಒಂದು ಬೀಡಿಯ ಕಿಡಿ ಇಡೀ ಗುಡ್ಡವನ್ನೇ ಸುಡಬಲ್ಲದು, ಬೆಂಕಿಪೊಟ್ಟಣ ಒಯ್ಯಲೇಬೇಡಿ.

ಎರಡೂ ಕಡೆಯ ಪ್ರವೇಶದ್ವಾರದಲ್ಲಿ ಆ ವಾರ ಯಾವ ಒರತೆಯಲ್ಲಿ ನೀರಿದೆ ಎಂಬ ಫಲಕವನ್ನು ಅರಣ್ಯ ಇಲಾಖೆ ಹಾಕಲಿ. ಸೀಮೆಸುಣ್ಣದಲ್ಲಿ ಬರೆದರೂ ಸಾಕು.

– ಚಾರಣಾಸಕ್ತರು, ಪುತ್ತೂರು