ಓದುಗರು ಭಕ್ತರಾದಾಗ: ಯುವ ಲೇಖಕಿಗೊಂದು ಪತ್ರ

ಪ್ರೀತಿಯ ತಂಗಿಗೆ,

ನಿನ್ನ ಕಾದಂಬರಿಯ ಹಸ್ತಪ್ರತಿಯೂ ಅದರೊಂದಿಗಿದ್ದ ದೀರ್ಘ ಪತ್ರವೂ ತಲುಪಿವೆ. ಅಧ್ಯಾಯಗಳು ಉದ್ದವಾದವೇ, ಸಂಭಾಷಣೆಗೆ ನಿಮ್ಮೂರಿನ ಕನ್ನಡವೋ ಗ್ರಾಂಥಿಕ ಕನ್ನಡವೋ ಎಂದೆಲ್ಲ ಕೇಳಿದ್ದೀಯೆ. ಅವಕ್ಕೆ ನಾನು ಉತ್ತರ ಬರೆಯುವುದಿಲ್ಲ. ನಿನ್ನ ಕಿವಿಯೇ ತೀರ್ಮಾನಿಸಲಿ. ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯ ಸಂಗತಿ. ಧಾರಾವಾಹಿಯಾಗಿ ಬಂದ ಭಾಗಗಳನ್ನು ಓದಿದ ಕೆಲವರು, ನೀನು ಕಲ್ಪಿಸಿದ ನೀರಿನ ಪಂಥದವರಂತೆಯೇ ಅಮಾವಾಸ್ಯೆಯ ಸಂಜೆ ಕೆರೆಗೆ ಹೋಗಿ, ತಂಬಿಗೆಯ ನೀರನ್ನು ಕೆರೆಗೆ ಒಪ್ಪಿಸಿ, ಮರುದಿನ ಬೆಳಗಿನವರೆಗೆ ಮೌನವಾಗಿರುತ್ತಿದ್ದಾರೆಂದೂ, ಅವರಲ್ಲೊಬ್ಬರು "ಇದು ನೀವು ಬರೆದದ್ದಲ್ಲ, ಆ ತಾಯಿಯೇ ನಿಮ್ಮ ಕೈಯಲ್ಲಿ ಬರೆಸಿಕೊಂಡದ್ದು" ಎಂದಿದ್ದಾರೆಂದೂ ತಿಳಿಸಿದ್ದೀಯೆ. ಹೆದರಿಕೆಯಾಯಿತು ಎಂದಿದ್ದೀಯೆ. ಆದರೆ ಆ ವಾಕ್ಯ ನಿನ್ನ ಪತ್ರದಲ್ಲೂ ಇದೆ, ಮುನ್ನುಡಿಯ ಕರಡಿನಲ್ಲೂ ಇದೆ. ಹೆದರಿದವರು ಅದನ್ನು ಮುನ್ನುಡಿಗೆ ಸೇರಿಸುವುದಿಲ್ಲ ತಂಗಿ.

ಕುಮಾರವ್ಯಾಸನೇ ವೀರನಾರಾಯಣನನ್ನು ಕವಿಯೆಂದೂ ತನ್ನನ್ನು ಬರಿಯ ಲಿಪಿಕಾರನೆಂದೂ ಕರೆದುಕೊಂಡಿದ್ದಾನಲ್ಲ ಎಂದು ನೀನು ವಾದಿಸಬಹುದು. ಅವನು ಕೇಳುಗರಿಗೆಲ್ಲ ಗೊತ್ತಿದ್ದ ಕಥೆಯನ್ನು, ಗದುಗಿನಲ್ಲಿ ಆಗಲೇ ನೆಲೆಸಿದ್ದ ದೇವರ ಮುಂದೆ ಹೇಳಿದವನು. ನಿನ್ನ ಕಾದಂಬರಿಯ ಆ ತಾಯಿಯಾದರೋ ಮೊನ್ನೆ ಮೊನ್ನೆ ನಿನ್ನ ಮೇಜಿನ ಮೇಲೆ ಹುಟ್ಟಿದವಳು. ಅವನ ವಿನಯವನ್ನು ನೀನು ಎರವಲು ಪಡೆದರೆ ಅದು ವಿನಯವಾಗಿ ಉಳಿಯುವುದಿಲ್ಲ.

ಅಮೆರಿಕದ ಎಚ್. ಪಿ. ಲವ್‌ಕ್ರಾಫ್ಟ್ ಎಂಬ ಭಯಾನಕ ಕಥೆಗಳ ಲೇಖಕನ ವಿಷಯ ಕೇಳು. 'ನೆಕ್ರೊನೊಮಿಕಾನ್' ಎಂಬ ನಿಷಿದ್ಧ ಗ್ರಂಥವೊಂದನ್ನು ಅವನು 1920ರ ದಶಕದಲ್ಲಿ ಕಲ್ಪಿಸಿದ. ಅದನ್ನು ಬರೆದವನೆಂದು ಹೇಳಿದ ಹುಚ್ಚು ಅರಬನ ಹೆಸರು, ಅರೇಬಿಯನ್ ನೈಟ್ಸ್ ಓದಿ ಮರುಳಾಗಿದ್ದ ಬಾಲ್ಯದಲ್ಲಿ ಅವನು ಆಟಕ್ಕಾಗಿ ತನಗೇ ಇಟ್ಟುಕೊಂಡಿದ್ದ ಹೆಸರು. 1927ರಲ್ಲಿ ಆ ಗ್ರಂಥಕ್ಕೊಂದು ಹುಸಿ ಇತಿಹಾಸವನ್ನೂ ಬರೆದ: ಯಾವ ಶತಮಾನದಲ್ಲಿ ಯಾರು ಅನುವಾದಿಸಿದರು, ಯಾವ ಪೋಪ್ ನಿಷೇಧಿಸಿದ, ಬ್ರಿಟಿಷ್ ಮ್ಯೂಸಿಯಂ ಮತ್ತು ಹಾರ್ವರ್ಡ್‌ನ ವೈಡ್‌ನರ್ ಗ್ರಂಥಾಲಯಗಳಲ್ಲಿ ಯಾವ ಪ್ರತಿ ಉಳಿದಿದೆ, ಹೀಗೆ. ಗೆಳೆಯರಾದ ಇತರ ಲೇಖಕರು ತಮ್ಮ ಕಥೆಗಳಲ್ಲೂ ಅದೇ ಗ್ರಂಥವನ್ನು ಹೆಸರಿಸಿದರು. ಸುಳ್ಳಿಗೆ ಇಸವಿಯೂ ವಿಳಾಸವೂ ಸಿಕ್ಕಮೇಲೆ ಅದನ್ನು ಹುಡುಕಿಕೊಂಡು ಹೋಗುವವರು ಇದ್ದೇ ಇರುತ್ತಾರೆ. ಪ್ರತಿ ಎಲ್ಲಿ ದೊರೆಯುತ್ತದೆಂದು ಓದುಗರು ಕೇಳಿದಾಗ, ಅದು ತಾನೇ ಹೆಣೆದದ್ದು, ಅಂಥ ಪುಸ್ತಕವೇ ಇಲ್ಲ ಎಂದು ಅವನು ಮುಚ್ಚುಮರೆಯಿಲ್ಲದೆ ಉತ್ತರ ಬರೆಯುತ್ತಿದ್ದ. ದೇವರು, ಮಂತ್ರ, ಮಾಟ ಯಾವುದನ್ನೂ ನಂಬದ ನಿರೀಶ್ವರವಾದಿ ಆತ.

ಅವನು 1937ರಲ್ಲಿ ತೀರಿಕೊಂಡ. 1970ರ ದಶಕದಲ್ಲಿ ಕೆನೆತ್ ಗ್ರಾಂಟ್ ಎಂಬ ಇಂಗ್ಲೆಂಡಿನ ಮಾಂತ್ರಿಕ ಲೇಖಕ, ಲವ್‌ಕ್ರಾಫ್ಟ್‌ನಿಗೆ ಆ ಗುಪ್ತಜ್ಞಾನ ಕನಸುಗಳಲ್ಲಿ ಒದಗಿತ್ತು, ಅದು ಆತನಿಗೇ ತಿಳಿದಿರಲಿಲ್ಲ ಎಂದು ವಾದ ಹೂಡಿದ. 1977ರಲ್ಲಿ ನ್ಯೂಯಾರ್ಕಿನಲ್ಲಿ ಅದೇ ಹೆಸರಿನ ಪುಸ್ತಕವೊಂದು, ಪ್ರಾಚೀನ ಗ್ರಂಥದ ಅನುವಾದವೆಂಬ ಸೋಗಿನಲ್ಲಿ, ಅಚ್ಚಾಗಿ ಬಂತು. ಅದನ್ನಿಟ್ಟುಕೊಂಡು ವಿಧಿಗಳನ್ನು ನಡೆಸುವವರು ಇಂದಿಗೂ ಇದ್ದಾರೆ. ನಿನ್ನ ಓದುಗರ ವಾಕ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡು. ಬರೆದವನ ಮಾತನ್ನು ಬರೆದವನಿಂದಲೇ ಕಿತ್ತುಕೊಳ್ಳುವ ಯುಕ್ತಿ ಎರಡರಲ್ಲೂ ಒಂದೇ. ಲವ್‌ಕ್ರಾಫ್ಟ್ ಬದುಕಿರುವಷ್ಟು ಕಾಲ ಅಂಥ ಪುಸ್ತಕ ಇಲ್ಲವೆಂದೇ ಹೇಳಿದ್ದನೆಂಬ ಒಂದೇ ಕಾರಣಕ್ಕೆ ಇವತ್ತು ನಾವು ಅವನನ್ನು ಮೋಸಗಾರನೆನ್ನುವುದಿಲ್ಲ.

ಇನ್ನೊಂದು ಪ್ರಸಂಗ ನಿನ್ನ ಕಥೆಗೆ ಇನ್ನೂ ಹತ್ತಿರದ್ದು, ಏಕೆಂದರೆ ಅಲ್ಲಿಯೂ ನೀರಿದೆ. ಅಮೆರಿಕದ ವೈಜ್ಞಾನಿಕ ಕಥೆಗಳ ಲೇಖಕ ರಾಬರ್ಟ್ ಹೈನ್‌ಲೈನ್‌ನ 'ಸ್ಟ್ರೇಂಜರ್ ಇನ್ ಎ ಸ್ಟ್ರೇಂಜ್ ಲ್ಯಾಂಡ್' ಕಾದಂಬರಿ 1961ರಲ್ಲಿ ಪ್ರಕಟವಾಯಿತು. ಮಂಗಳ ಗ್ರಹದವರ ನಡುವೆ ಬೆಳೆದ ಮನುಷ್ಯನೊಬ್ಬ ಭೂಮಿಗೆ ಬಂದು, ಒಂದೇ ಲೋಟದ ನೀರನ್ನು ಹಂಚಿಕೊಂಡು ಕುಡಿದವರು ಒಡಹುಟ್ಟಿದವರಿಗಿಂತ ಹತ್ತಿರದವರಾಗುವ ಪಂಥವೊಂದನ್ನು ಕಟ್ಟುತ್ತಾನೆ. ಮರುವರ್ಷವೇ, 1962ರ ಏಪ್ರಿಲ್‌ನಲ್ಲಿ, ಮಿಸೌರಿಯ ಕಾಲೇಜೊಂದರಲ್ಲಿ ಓದುತ್ತಿದ್ದ ಟಿಮ್ ಜೆಲ್ ಮತ್ತು ಲ್ಯಾನ್ಸ್ ಕ್ರಿಸ್ಟಿ ಹಾಗೆಯೇ ನೀರು ಹಂಚಿಕೊಂಡರು. ಅದರಿಂದ ಬೆಳೆದ 'ಚರ್ಚ್ ಆಫ್ ಆಲ್ ವರ್ಲ್ಡ್ಸ್' 1968ರಲ್ಲಿ ಕಾನೂನುಬದ್ಧವಾಗಿ ನೋಂದಣಿಯಾಯಿತು. ಹೆಸರು ಕೂಡ ಕಾದಂಬರಿಯದೇ. ಅವರನ್ನು ನೋಡಿ ನಗಬೇಡ. ತಮ್ಮ ಪಂಥ ಹುಟ್ಟಿದ್ದು ಒಂದು ಕಾದಂಬರಿಯಿಂದ ಎಂಬುದನ್ನು ಅವರು ಎಂದೂ ಬಚ್ಚಿಟ್ಟವರಲ್ಲ; ಕಟ್ಟುಕಥೆಯೆಂದು ಗೊತ್ತಿದ್ದೇ ಅದನ್ನು ಬಾಳಲು ಹೊರಟರು. ಹೈನ್‌ಲೈನ್ ಮಾತ್ರ ಆ ಪೀಠದ ಮೇಲೆ ಕೂರಲಿಲ್ಲ. ತಾನು ಉತ್ತರ ಕೊಟ್ಟಿಲ್ಲ, ಓದುಗರು ಸ್ವತಃ ಯೋಚಿಸಲಿ ಎಂದು ಪ್ರಶ್ನೆಗಳನ್ನು ಎತ್ತಿದ್ದೇನೆ ಎಂಬ ಅರ್ಥದ ಪತ್ರವನ್ನು ಅಭಿಮಾನಿಯೊಬ್ಬರಿಗೆ ಬರೆದ. ಅವನ ರಾಜಕೀಯ ನನಗೆ ಒಗ್ಗುವುದಿಲ್ಲ. ಈ ಒಂದು ಪತ್ರಕ್ಕಾಗಿ ಅವನನ್ನು ಗೌರವಿಸುತ್ತೇನೆ.

'ಸ್ಟಾರ್ ವಾರ್ಸ್' ಸಿನಿಮಾಗಳಲ್ಲಿ ಬರುವ ಯೋಧ-ಸಂನ್ಯಾಸಿಗಳಾದ ಜೆಡೈಗಳನ್ನು ನೀನು ತಮಾಷೆಯ ಉದಾಹರಣೆಯಾಗಿ ಕೊಟ್ಟಿದ್ದೀಯೆ. 2001ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ 3,90,127 ಮಂದಿ ಧರ್ಮದ ಪ್ರಶ್ನೆಗೆ ಜೆಡೈ ಎಂದು ಬರೆದದ್ದರಲ್ಲಿ ಬಹುಪಾಲು ಇಮೇಲ್‌ನಲ್ಲಿ ಹಬ್ಬಿದ ಚೇಷ್ಟೆಯೇ ಸರಿ. 2011ರ ಹೊತ್ತಿಗೆ ಅದು 1,76,632ಕ್ಕೆ ಇಳಿಯಿತು. ಆದರೆ ಚೇಷ್ಟೆ ಕರಗಿದ ಮೇಲೂ, ಧ್ಯಾನ ಮಾಡುತ್ತ ಅದನ್ನು ಮನಃಪೂರ್ವಕವಾಗಿ ಹಿಡಿದಿರುವ ಸಣ್ಣ ಗುಂಪುಗಳು ಉಳಿದಿವೆ.

ನಮ್ಮಲ್ಲಿ 1975ರ 'ಜೈ ಸಂತೋಷಿ ಮಾ' ಇದೆಯಲ್ಲ. ಶುಕ್ರವಾರದ ಆ ವ್ರತವೂ ದೇವಿಯ ಗುಡಿಗಳೂ ಸಿನಿಮಾಕ್ಕಿಂತ ಮೊದಲೇ ಉತ್ತರ ಭಾರತದಲ್ಲಿದ್ದವು. ದೇಶದ ಮೂಲೆಮೂಲೆಗೆ ಅವನ್ನು ಮುಟ್ಟಿಸಿದ್ದು ಸಿನಿಮಾ. ಪ್ರೇಕ್ಷಕರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಪರದೆಗೆ ಹೂವು, ಕಾಸು ಎರಚಿದರು. ಹುಳಿ ಮುಟ್ಟದೆ, ಕಡಲೆ ಬೆಲ್ಲದ ನೈವೇದ್ಯವಿಟ್ಟು ಹದಿನಾರು ಶುಕ್ರವಾರ ನಡೆಸುವ ವ್ರತ ಕನ್ನಡದ ಮನೆಗಳಿಗೂ ಬಂತು. ದೇವಿಯ ಪಾತ್ರ ಮಾಡಿದ ಅನಿತಾ ಗುಹಾ ಎದುರಾದರೆ ಜನ ಆಶೀರ್ವಾದ ಕೇಳುತ್ತಿದ್ದರು. ತುಳುನಾಡಿನ ದೈವಗಳನ್ನು ದಯವಿಟ್ಟು ಇದರೊಡನೆ ಬೆರೆಸಬೇಡ. ಅಲ್ಲಿ ದೈವ ಮೊದಲು, ಸಿನಿಮಾ ಬಹಳ ಆಮೇಲೆ.

ಈಗ ನನ್ನ ಹಳೆಯ ಸಿಟ್ಟು. ನನ್ನ ಕಾದಂಬರಿಯೊಂದರಲ್ಲಿ ಹಸುವೊಂದು ಕಲ್ಲಿನ ಬಸವನ ಮುಂದೆ ಮೂರು ದಿನ ಮೇವು ಬಿಟ್ಟು ನಿಂತ ಪ್ರಸಂಗವಿದೆ. ಅದು ಪೂರ್ತಿ ನನ್ನ ಕಲ್ಪನೆ. ಕೆಲವು ವರ್ಷಗಳ ನಂತರ ಒಂದು ದೇವಸ್ಥಾನದ ಸ್ಥಳಮಹಾತ್ಮೆಯ ಕಿರುಹೊತ್ತಿಗೆ ಕೈಗೆ ಬಂತು. ಅರಿಸಿನ ಬಣ್ಣದ ರಟ್ಟು, ಬೆಲೆ ಹತ್ತು ರೂಪಾಯಿ. ನನ್ನ ಹಸು ಅದರ ಐದನೆಯ ಪುಟದಲ್ಲಿ, ನನ್ನದೇ ವಾಕ್ಯಗಳಲ್ಲಿ, ಕೊನೆಗೆ "ಎಂದು ಪ್ರತೀತಿಯಿದೆ" ಎಂಬ ಬಾಲ ಹಚ್ಚಿಕೊಂಡು ನಿಂತಿತ್ತು. ತಿದ್ದಿರೆಂದು ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ನನ್ನ ಪ್ರಕಾಶಕರಂತೂ ಮರುಮುದ್ರಣದ ಬೆನ್ನುಡಿಯಲ್ಲಿ, ನನ್ನನ್ನು ಒಂದು ಮಾತೂ ಕೇಳದೆ, "ಐತಿಹ್ಯವನ್ನಾಧರಿಸಿದ ಕೃತಿ" ಎಂದು ಅಚ್ಚುಹಾಕಿಸಿದರು. ಕೃತಿಚೌರ್ಯವಾಗಿದ್ದರೆ ನಾನು ಇಷ್ಟು ಕೆರಳುತ್ತಿರಲಿಲ್ಲ. ಕಟ್ಟಿದ ಶ್ರಮವನ್ನು ಅಳಿಸಿಹಾಕಿ ಅದನ್ನು ಸಿಕ್ಕಿದ ವಸ್ತುವನ್ನಾಗಿ ಮಾಡಿದ್ದು ನನ್ನನ್ನು ಇಂದಿಗೂ ಉರಿಸುತ್ತದೆ.

ಆದ್ದರಿಂದ ನಿನ್ನ ಪ್ರಕಾಶಕರು ಸೂಚಿಸಿರುವ "ಅಳಿದುಹೋದ ಪ್ರಾಚೀನ ಪಂಥವೊಂದರ ಕಥೆ" ಎಂಬ ಸಾಲನ್ನು ಹೊಡೆದುಹಾಕು. ಮಾರಾಟ ಹೆಚ್ಚುತ್ತದೆಂಬ ಅವರ ಲೆಕ್ಕ ಸರಿಯಿರಬಹುದು, ಅದು ಅವರ ಕಸುಬು. ಬರೆಸಿಕೊಂಡ ತಾಯಿಯ ವಾಕ್ಯವನ್ನೂ ಮುನ್ನುಡಿಯಿಂದ ತೆಗೆ. ಪಂಥ, ಕೆರೆ, ತಾಯಿ ಮೂರೂ ನಿನ್ನ ಕಲ್ಪನೆಯೆಂದು ಒಂದು ಸಾಲು ಸೇರಿಸು. ಕ್ಷಮೆ ಕೇಳುವ ಧಾಟಿ ಬೇಡ.

ಆ ಓದುಗರಿಗೂ ನೀನೇ ಉತ್ತರ ಬರೆಯಬೇಕು. ಗಂಡ ತೀರಿಕೊಂಡ ಮೇಲೆ ಮೊದಲ ಬಾರಿಗೆ ಆ ಸಂಜೆ ನಿದ್ದೆ ಬಂತೆಂದು ಬರೆದಿದ್ದಾರಲ್ಲ, ಅವರಿಗೆ. ಕೆರೆಗೆ ಹೋಗಬೇಡಿ ಎನ್ನುವ ಹಕ್ಕು ನಿನಗಿಲ್ಲ. ಆ ನಿದ್ದೆ ಅವರದು. ಕಥೆಯನ್ನು ಮಾತ್ರ ನೀನೇ ಕಟ್ಟಿದ್ದೆಂದು, ಆ ಮೌನದ ನಿಯಮ ಹೊಳೆದದ್ದು ನಿನ್ನ ಅಜ್ಜಿಯ ಏಕಾದಶಿಯಿಂದ ಎಂದು ನನಗೆ ಬರೆದಂತೆ ಅವರಿಗೂ ಬರೆ. ಉತ್ತರವಾಗಿ ಅವರು ಬೈದರೆ ಸಹಿಸಿಕೋ. ಇನ್ನಷ್ಟು ಹೊಗಳಿದರೆ ಇನ್ನೊಂದು ಪತ್ರ ಬರೆ.

ಹಸ್ತಪ್ರತಿಯನ್ನು ಅಂಚೆಯಲ್ಲಿ ಹಿಂದಿರುಗಿಸುತ್ತಿದ್ದೇನೆ. ಒಂಬತ್ತನೆಯ ಅಧ್ಯಾಯ ಬಹಳ ಚೆನ್ನಾಗಿದೆ.

ಇಂತಿ,
ನಿನ್ನ ಹಿತೈಷಿ