ಮರುವಾಯಿಯ ಮಾಂಸ ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ಕರಾವಳಿಯಲ್ಲಿ ಕಡಲು ಹಸಿರೋ ಕೆಂಪೋ ಆದರೆ, ಇಲ್ಲವೇ ರಾತ್ರಿ ಅಲೆ ನೀಲಿಯಾಗಿ ಹೊಳೆದರೆ ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ, ಬೆನ್ನಿಗೇ ‘ಮೀನು ತಿನ್ನಬಹುದೇ?’ ಎಂಬ ಪ್ರಶ್ನೆಯೂ ಬರುತ್ತದೆ. ನಮ್ಮಲ್ಲಿ ಹಾಗೆ ಹೊಳೆಯುವುದು ಹೆಚ್ಚಾಗಿ ನಾಕ್ಟಿಲೂಕ ಎಂಬ ಏಕಕೋಶ ಜೀವಿ. ಅದು ಆಮ್ಲಜನಕ ತಗ್ಗಿಸಿ, ಅಮೋನಿಯಾ ಬಿಟ್ಟು ಮೀನನ್ನು ಸಾಯಿಸಬಲ್ಲದು. ಮನುಷ್ಯರ ನರಕ್ಕೆ ತಗಲುವ ವಿಷ ಮಾತ್ರ ಅದರದ್ದಲ್ಲ. ಆ ವಿಷ ಮಾಡುವ ಪಾಚಿಗಳು ನೀರಿನ ಬಣ್ಣ ಕೆಡಿಸದೆಯೂ ಮರುವಾಯಿ, ಪಚ್ಚಿಲೆ ಎಂಬ ಚಿಪ್ಪುಮೀನುಗಳಲ್ಲಿ ವಿಷ ತುಂಬಬಲ್ಲವು. ಎಲ್ಲರೂ ಬಣ್ಣ ನೋಡುತ್ತಾ ಕೂತಿರುವುದೇ ತೊಂದರೆಯ ಮೂಲ.

ವಿಷ ಮಾಡುವ ಪಾಚಿಗಳಲ್ಲಿ ಕೆಲವು ಡಯಾಟಮ್‌ಗಳು. ಹಾಗೆಂದು ಡಯಾಟಮ್‌ಗಳೆಲ್ಲ ಕೆಟ್ಟವಲ್ಲ. ಮಳೆಗಾಲದಲ್ಲಿ ನಮ್ಮ ಕಡಲಿನ ತಳದ ತಣ್ಣೀರು ಮೇಲೆದ್ದು ಸಿಲಿಕೇಟ್, ನೈಟ್ರೇಟ್ ತಂದಾಗ ಗಾಜಿನಂಥ ಚಿಪ್ಪಿನ ಈ ಏಕಕೋಶ ಜೀವಿಗಳು ಉಕ್ಕುತ್ತವೆ. ಬೂತಾಯಿ ಮೀನಿನ ಮೇವೇ ಅದು. ಭಯಪಡಬೇಕಾದದ್ದು ಸ್ಯೂಡೋ-ನಿಟ್ಜ್‌ಶಿಯಾ ಎಂಬ ಕುಲದ ಕೆಲವು ಜಾತಿಗಳಿಗೆ. ಸೂಜಿಯಂಥ ಕೋಶಗಳು ತುದಿಗೆ ತುದಿ ಒಂದಿಷ್ಟು ಹೊಂದಿಕೊಂಡು ಮೆಟ್ಟಿಲಿನಂತೆ ಸರಪಳಿ ಕಟ್ಟುತ್ತವೆ. ಮಾಮೂಲಿ ಸೂಕ್ಷ್ಮದರ್ಶಕದಲ್ಲಿ ಕುಲ ಗೊತ್ತಾಗುತ್ತದೆ, ಅಗಲ 3 ಮೈಕ್ರೊಮೀಟರಿಗಿಂತ ಹೆಚ್ಚೋ ಕಡಿಮೆಯೋ ಎಂಬುದೂ ತಿಳಿಯುತ್ತದೆ. ಜಾತಿ ಹೇಳಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಅಥವಾ ಡಿಎನ್‌ಎ ಪರೀಕ್ಷೆ ಬೇಕು. ಜಾತಿ ಸಿಕ್ಕಿದರೂ ಮುಗಿಯಲಿಲ್ಲ. ಅದೇ ಜಾತಿ ಒಂದು ವಾರ ವಿಷ ಮಾಡುತ್ತದೆ, ಇನ್ನೊಂದು ವಾರ ಸುಮ್ಮನಿರುತ್ತದೆ. ಸಿಲಿಕೇಟ್ ಅಥವಾ ಫಾಸ್ಫೇಟ್ ಖಾಲಿಯಾಗಿ ಬೆಳವಣಿಗೆ ನಿಂತಾಗ, ಸಾರಜನಕ ಇನ್ನೂ ಉಳಿದಿದ್ದರೆ ಅದು ಮಾಡುವ ವಿಷ, ಅಂದರೆ ಡೊಮೊಯಿಕ್ ಆಮ್ಲ, ಏರುವುದುಂಟು.

1987ರ ಕೊನೆಯಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಪಚ್ಚಿಲೆ ತಿಂದು 107 ಮಂದಿ ಕಾಯಿಲೆ ಬಿದ್ದು, 3 ಮಂದಿ ವೃದ್ಧರು ಸತ್ತರು. 24 ಗಂಟೆಯೊಳಗೆ ವಾಂತಿ, ಭೇದಿ. 48 ಗಂಟೆಯೊಳಗೆ ತಲೆನೋವು, ಗೊಂದಲ, ಸೆಳವು. ಬದುಕುಳಿದವರಲ್ಲಿ ಕೆಲವರಿಗೆ ಹೊಸದಾಗಿ ಏನನ್ನೂ ನೆನಪಿಟ್ಟುಕೊಳ್ಳಲು ಆಗದಾಯಿತು. ಡೊಮೊಯಿಕ್ ಆಮ್ಲ ಮೆದುಳಿನ ಗ್ಲುಟಮೇಟ್ ಗ್ರಾಹಕಗಳಿಗೆ ಅಂಟಿ ನರಕೋಶಗಳನ್ನು ಅತಿಯಾಗಿ ಕೆರಳಿಸಿ ಕೊಲ್ಲುತ್ತದೆ. ನೆನಪಿನ ಕೇಂದ್ರವಾದ ಹಿಪ್ಪೊಕ್ಯಾಂಪಸ್‌ಗೆ ಹೊಡೆತ ಜಾಸ್ತಿ. ದೇಹದಿಂದ ಅದು ಹೊರಹೋಗುವುದು ಮೂತ್ರಪಿಂಡದ ಮೂಲಕ; ಹಾಗಾಗಿ ವಯಸ್ಸಾದವರಿಗೆ, ಮೂತ್ರಪಿಂಡ ಸೋತವರಿಗೆ ಅಪಾಯ ಹೆಚ್ಚು. ಗುಟ್ಟು ಬಿಟ್ಟುಕೊಟ್ಟದ್ದು ಇಲಿಗಳು. ಪಾರ್ಶ್ವವಾಯು ತರುವ ಇನ್ನೊಂದು ಚಿಪ್ಪುಮೀನಿನ ವಿಷ ಪತ್ತೆಗೆಂದು, ಮಾಂಸದ ಸಾರ ಚುಚ್ಚಿ ನಡೆಸುತ್ತಿದ್ದ ಮಾಮೂಲಿ ಪರೀಕ್ಷೆಯಲ್ಲಿ ಇಲಿಗಳು ಹಿಂಗಾಲಿನಿಂದ ಹೆಗಲು ಕೆರೆದುಕೊಳ್ಳತೊಡಗಿದವು. ಹಿಂದೆ ಕಂಡಿರದ ಲಕ್ಷಣ ಅದು. ಆ ಪಚ್ಚಿಲೆಗಳಲ್ಲಿ ಕಿಲೋಗೆ ಸುಮಾರು 900 ಮಿಲಿಗ್ರಾಂವರೆಗೆ ವಿಷ ಸಿಕ್ಕಿತ್ತು. ಈಗ ಮಿತಿ ಇಟ್ಟಿರುವ ಬಹುಪಾಲು ದೇಶಗಳಲ್ಲಿ ಅದು ಕಿಲೋಗೆ 20 ಮಿಲಿಗ್ರಾಂ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಟ್ಟ ಮಿತಿಯೂ ಅಷ್ಟೇ.

ಕೆನಡಾದ ಕತೆ ನಮಗೇಕೆ ಎನ್ನುವವರಿಗೆ ಪಕ್ಕದ ಕಾಸರಗೋಡಿನ ಕುಂಬಳೆ ನೆನಪಿಸಬೇಕು. 1983ರಲ್ಲಿ ಅಲ್ಲಿನ ಹೊಳೆಯ ಮರುವಾಯಿ ತಿಂದು ಹಲವರು ಆಸ್ಪತ್ರೆ ಸೇರಿ ಒಬ್ಬ ಹುಡುಗ ತೀರಿಕೊಂಡ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು ಮರುವರ್ಷ ಅದನ್ನು ‘ಕರೆಂಟ್ ಸೈನ್ಸ್’ನಲ್ಲಿ ದಾಖಲಿಸಿದರು. ಅಲ್ಲಿನ ವಿಷ ಡಯಾಟಮ್‌ನದ್ದಲ್ಲ, ಪಾರ್ಶ್ವವಾಯು ತರುವ ಸ್ಯಾಕ್ಸಿಟಾಕ್ಸಿನ್ ಬಗೆಯದು. ಪಾಚಿ ಬೇರೆ, ವಿಷ ಹೊಟ್ಟೆ ಸೇರಿದ ದಾರಿ ಒಂದೇ. ಬೂತಾಯಿ, ಬಂಗುಡೆಯಲ್ಲಿ ವಿಷ ಹೆಚ್ಚಾಗಿ ಕರುಳಿನಲ್ಲಿರುತ್ತದೆ, ಅದನ್ನು ನಾವು ತೆಗೆದು ಬಿಸಾಡುತ್ತೇವೆ. ಮರುವಾಯಿ, ಪಚ್ಚಿಲೆಯನ್ನು ಕರುಳು ಸಮೇತ ತಿನ್ನುತ್ತೇವೆ. ಅದರಲ್ಲೂ ಅವು ದಿನವಿಡೀ ನೀರು ಸೋಸಿ ಪಾಚಿ ಕೂಡಿಹಾಕುವ ಪ್ರಾಣಿಗಳು.

‘ಚೆನ್ನಾಗಿ ಬೇಯಿಸಿದರೆ ಆಯಿತು’ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ತಪ್ಪು. ಸ್ಯಾಕ್ಸಿಟಾಕ್ಸಿನ್ ಅಳೆಯುವ ಪ್ರಯೋಗಾಲಯದಲ್ಲೇ ಮಾಂಸವನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 5 ನಿಮಿಷ ಕುದಿಸುತ್ತಾರೆ, ವಿಷ ಹೊರಬರಲಿ ಅಂತ! ಅಷ್ಟಕ್ಕೂ ಜಗ್ಗದ್ದು ಹುಣಸೆಹುಳಿಗೆ, ಪುನರ್ಪುಳಿಗೆ ಜಗ್ಗೀತೇ? ಡೊಮೊಯಿಕ್ ಆಮ್ಲವೂ ಬೇಯಿಸಿದರೆ, ಫ್ರೀಜರ್‌ನಲ್ಲಿಟ್ಟರೆ ನಾಶವಾಗದು. ನೀರಿಗಿಳಿದು ಸಾರಿನಲ್ಲಿ ಸೇರಿಕೊಳ್ಳುತ್ತದೆ. ಏಡಿಯಾದರೆ ಬೇಯಿಸುವ ಮೊದಲೇ ಒಳಗಿನ ಕರುಳು, ಹಳದಿ ಭಾಗ ತೆಗೆದುಬಿಡಿ. ಇಡಿಯಾಗಿ ಬೇಯಿಸಿದ್ದರೆ ಆ ನೀರು ಚೆಲ್ಲಿ. ಶುದ್ಧ ನೀರಿನ ತೊಟ್ಟಿಯಲ್ಲಿ ಒಂದೆರಡು ದಿನ ಬಿಟ್ಟರೆ ಚಿಪ್ಪುಮೀನಿನ ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ, ವಿಷವೂ ಹೋಗುತ್ತದೆಂಬ ಭರವಸೆ ಕೊಡಲಾಗದು.

ಹಾಗಾದರೆ ಮಾಡಬೇಕಾದ್ದೇನು? ಉಪಗ್ರಹ ಚಿತ್ರ ತೋರಿಸುವುದು ಪತ್ರಹರಿತ್ತು ಎಷ್ಟಿದೆ ಎಂದಷ್ಟೇ. ಮೇಲಾಗಿ ತಣ್ಣೀರು ಮೇಲೇಳುವ ತಿಂಗಳುಗಳಲ್ಲೇ ನಮ್ಮ ಆಕಾಶ ಮೋಡ ಕವಿದಿರುತ್ತದೆ. ಮರುವಾಯಿ ಹೆಕ್ಕುವ ಪ್ರತಿ ಹೊಳೆಬಾಗಿಲಿನಿಂದ ವಾರಕ್ಕೊಮ್ಮೆ ಮಾದರಿ ಎತ್ತಬೇಕು. ಪಾಚಿ ಕೆಡದಂತೆ ನೀರಿಗೆ ಲೂಗಾಲ್ ಅಯೋಡಿನ್ ದ್ರಾವಣ ಹನಿಸಿ ಕತ್ತಲಲ್ಲಿಟ್ಟು ಕೋಶ ಎಣಿಸುವುದು ಮುನ್ಸೂಚನೆಗೆ. ತೀರ್ಮಾನ ಮಾತ್ರ ಮಾಂಸದ್ದು. ಒಂದೆರಡು ಚಿಪ್ಪು ಸಾಲದು, ಪ್ರತಿಯೊಂದರಲ್ಲೂ ವಿಷದ ಪ್ರಮಾಣ ಬೇರೆ. 100 ಗ್ರಾಂಗೆ ಕಡಿಮೆಯಿಲ್ಲದಷ್ಟು ಮಾಂಸವನ್ನು ಒಟ್ಟಿಗೆ ರುಬ್ಬಬೇಕು. ಅದರಿಂದ 4 ಗ್ರಾಂ ತೆಗೆದು, ಸಮಪಾಲು ನೀರು ಬೆರೆಸಿದ ಮೆಥನಾಲ್ 16 ಮಿ.ಲೀ. ಹಾಕಿ ಕಲಕಿ, ಸೆಂಟ್ರಿಫ್ಯೂಜ್ ಮಾಡಿ, ಸೋಸಿ, ಬೆರಕೆಯಲ್ಲಿನ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಕೊಟ್ಟರೆ 242 ನ್ಯಾನೊಮೀಟರ್ ತರಂಗದ ಬೆಳಕಿನಲ್ಲಿ ಡೊಮೊಯಿಕ್ ಆಮ್ಲ ಸಿಗುತ್ತದೆ. ಆ ಯಂತ್ರ ಅಪರೂಪದ್ದೇನೂ ಅಲ್ಲ, ಔಷಧ ಪರೀಕ್ಷಿಸುವ ಕಡೆಗಳಲ್ಲೂ ಇರುತ್ತದೆ. ಮಿತಿ ಮೀರಿದರೆ ಆ ಹೊಳೆಯಲ್ಲಿ ಹೆಕ್ಕುವುದನ್ನು ನಿಲ್ಲಿಸಿ, ಅಂತರ ಬಿಟ್ಟು ತೆಗೆದ ಎರಡು ಮಾದರಿಯಾದರೂ ಮಿತಿಯೊಳಗೆ ಬಂದ ಮೇಲೆ ತೆರೆಯಬೇಕು. ಪಚ್ಚಿಲೆ ಕೆಲವು ದಿನ, ವಾರಗಳಲ್ಲಿ ಶುದ್ಧವಾಗುತ್ತದೆ. ಅಮೆರಿಕದ ಪಶ್ಚಿಮ ತೀರದ ರೇಜರ್ ಕ್ಲ್ಯಾಮ್ ಎಂಬ ಚಿಪ್ಪುಮೀನು ವರ್ಷದವರೆಗೂ ವಿಷ ಹಿಡಿದಿಟ್ಟ ಉದಾಹರಣೆಯಿದೆ. ಎಲ್ಲದಕ್ಕೂ ‘15 ದಿನ ನಿಷೇಧ’ ಎಂದು ಆದೇಶ ಹೊರಡಿಸುವುದರಲ್ಲಿ ಅರ್ಥವಿಲ್ಲ. ನಿಲ್ಲಿಸಿದ ದಿನಗಳಿಗೆ ಹೆಕ್ಕುವವರಿಗೆ ಪರಿಹಾರ ಕೊಡದಿದ್ದರೆ ಅವರು ಕತ್ತಲಲ್ಲಿ ಹೆಕ್ಕುತ್ತಾರೆ, ಅದಕ್ಕೆ ಅವರನ್ನು ಬೈಯುವಂತಿಲ್ಲ.

ಕರಾವಳಿಯ ವೈದ್ಯರಲ್ಲೊಂದು ವಿನಂತಿ. ಊಟವಾದ ಅರ್ಧದಿಂದ ಎರಡು ಗಂಟೆಯೊಳಗೆ ತುಟಿ, ನಾಲಿಗೆ ಜುಮ್ಮೆಂದರೆ, ಇಲ್ಲವೇ ವಾಂತಿಯ ಜೊತೆ ಗೊಂದಲವಿದ್ದರೆ ಚಿಪ್ಪುಮೀನು ತಿಂದಿರಾ ಎಂದು ಕೇಳಿ. ಎರಡು ವಿಷಕ್ಕೂ ಮದ್ದಿಲ್ಲ, ಆದರೆ ಪಾರ್ಶ್ವವಾಯು ವಿಷದಲ್ಲಿ ವೆಂಟಿಲೇಟರ್ ಸಮಯಕ್ಕೆ ಸಿಕ್ಕರೆ ಜೀವ ಉಳಿಯುತ್ತದೆ. ಮನೆಯವರು ಉಳಿದ ಚಿಪ್ಪುಮೀನಿನ ಸುಕ್ಕವನ್ನು (ಪಲ್ಯವನ್ನು) ಎಸೆಯದೆ ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿಡಲಿ. ಪರೀಕ್ಷೆಗೆ ಅದು ಬೇಕಾಗುತ್ತದೆ.

ಇಂತಿ,
ಮೀನುಗಾರಿಕಾ ವಿಜ್ಞಾನ ಬಲ್ಲ ಓದುಗರು, ಮಂಗಳೂರು